ಊರಿನ ಅಡುಗೆ ಹಲವು, ಆರೋಗ್ಯ ಎಲ್ಲರದು



ವಾರದ ಸಭೆಯಲ್ಲಿ ನಾವು ಉಳಿತಾಯ ಕಟ್ಟುತ್ತೇವೆ, ಸಾಲದ ಕಂತು ಲೆಕ್ಕ ಹಾಕುತ್ತೇವೆ, ಠರಾವು ಬರೆಯುತ್ತೇವೆ. ಈ ವಾರ ಮನೆಯಲ್ಲಿ ಏನು ಅಡುಗೆ ಮಾಡಿದಿರಿ ಅಂತ ಮಾತ್ರ ಯಾರೂ ಕೇಳೋದಿಲ್ಲ. ಕೇಳಿದರೂ, "ಅಯ್ಯೋ ಏನಿದೆ, ಬರೀ ಮುದ್ದೆ, ಉಪ್ಸಾರು" ಎಂದು ನಾಚಿಕೊಂಡು ಹೇಳುತ್ತೇವೆ. ಈ "ಬರೀ" ಅನ್ನುವ ಮಾತಿನ ಬಗ್ಗೆಯೇ ಈ ಸಲ ಸ್ವಲ್ಪ ಯೋಚನೆ ಮಾಡೋಣ.

ಮೊದಲು ಒಂದು ಲೆಕ್ಕ ನೋಡಿ. 2019–21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ 65 ಮಕ್ಕಳಿಗೆ ರಕ್ತ ಕಡಿಮೆ. ಐದು ವರ್ಷದೊಳಗಿನ 100 ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಇದನ್ನು ನಮ್ಮ ಸಂಘಕ್ಕೆ ಹೊಂದಿಸಿ ನೋಡಿದರೆ, 20 ಜನರ ಸಂಘದಲ್ಲಿ ಒಂಬತ್ತು ಹತ್ತು ಮಂದಿ. ಸಭೆಗೆ ಬಂದಾಗ "ತಲೆ ಸುತ್ತುತ್ತೆ, ಕಾಲು ಸೆಳೆಯುತ್ತೆ, ಮೆಟ್ಟಿಲು ಹತ್ತಿದರೆ ಏದುಸಿರು" ಎಂದು ಹೇಳುವವರಲ್ಲಿ ಹಲವರು ಇವರೇ ಇರಬಹುದು.

ಇದಕ್ಕೆ ಬಡತನ ಒಂದು ಕಾರಣ, ನಿಜ. ಆದರೆ ಅದೊಂದೇ ಕಾರಣ ಅಲ್ಲ. ನಮ್ಮ ಊರಿನಲ್ಲೇ ಕಡಿಮೆ ಖರ್ಚಿನ ಒಳ್ಳೆ ಊಟ ಇದೆ. ಅದು ಪಕ್ಕದ ಬೀದಿಯಲ್ಲಿದೆ, ಬೇರೆ ಜಾತಿಯವರ, ಬೇರೆ ಭಾಷೆಯವರ, ಬೇರೆ ಧರ್ಮದವರ ಒಲೆಯ ಮೇಲಿದೆ. ನಾವು ಅದನ್ನು ಕೇಳಿ ಕಲಿಯಲಿಲ್ಲ, ಅಷ್ಟೇ.

ನಮ್ಮ ಭಾಗದಲ್ಲಿ ಎಷ್ಟು ಬಗೆಯ ಒಲೆ!

ಕೊಳ್ಳೇಗಾಲ, ಹನೂರು ಕಡೆಯನ್ನೇ ತೆಗೆದುಕೊಳ್ಳಿ. ಕನ್ನಡ ಮಾತಾಡುವ ಹಲವು ಜಾತಿಯ ಕುಟುಂಬಗಳಿವೆ. ಮಾರ್ಟಳ್ಳಿ ಕಡೆ ತಮಿಳು ಮಾತಾಡುವವರಿದ್ದಾರೆ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಪೋಡುಗಳಲ್ಲಿ ಸೋಲಿಗರಿದ್ದಾರೆ. ಪೇಟೆಯಲ್ಲಿ ಮುಸ್ಲಿಂ ಕುಟುಂಬಗಳಿವೆ. ಒಡೆಯರಪಾಳ್ಯದ ಹತ್ತಿರ 1970ರ ದಶಕದಿಂದ ಟಿಬೆಟಿನವರು ನೆಲೆಸಿದ್ದಾರೆ. ಕೆಲಸದ ಮೇಲೆ ಉತ್ತರ ಕರ್ನಾಟಕದಿಂದ ಬಂದ ಮೇಷ್ಟ್ರು, ಪೊಲೀಸರ ಮನೆಗಳೂ ಇವೆ. ಒಬ್ಬೊಬ್ಬರ ಅಡುಗೆ ಒಂದೊಂದು ರೀತಿ. ಒಂದೊಂದಾಗಿ ನೋಡೋಣ.

ಮುದ್ದೆ, ಬಸ್ಸಾರು: ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ, ಅಂದರೆ ಮೂಳೆಗೆ ಬೇಕಾದ ಸುಣ್ಣದ ಅಂಶ ಇದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ಇನ್ನು ಬಸ್ಸಾರು ನೋಡಿ. ಸೊಪ್ಪು, ಕಾಳು ಬೇಯಿಸಿ, ಬಸಿದ ಕಟ್ಟನ್ನು ಸಾರು ಮಾಡುತ್ತೇವೆ, ಉಳಿದದ್ದನ್ನು ಪಲ್ಯ ಮಾಡುತ್ತೇವೆ. ನೀರಿನಲ್ಲಿ ಇಳಿದ ಸತ್ವ ಚರಂಡಿಗೆ ಹೋಗೋದಿಲ್ಲ. ಹುರುಳಿಕಾಳಿನಲ್ಲಿ 100 ಗ್ರಾಂಗೆ 20 ಗ್ರಾಂಗಿಂತ ಹೆಚ್ಚು ಪ್ರೋಟೀನ್, ಸುಮಾರು 8 ಮಿಲಿಗ್ರಾಂ ಕಬ್ಬಿಣದ ಅಂಶ ಇದೆ. ಎತ್ತಿಗೆ ಹಾಕೋ ಕಾಳು ಎಂದು ಹುರುಳಿಯನ್ನು ಹಗುರವಾಗಿ ಕಾಣುವವರು ಈ ಲೆಕ್ಕ ನೆನಪಿಡಿ.

ಅಂಬಲಿ, ಕೂಳು: ರಾಗಿ ಹಿಟ್ಟನ್ನು ಬೇಯಿಸಿ, ರಾತ್ರಿ ಹುಳಿ ಬರಲು ಬಿಟ್ಟು, ಬೆಳಿಗ್ಗೆ ಮಜ್ಜಿಗೆ, ಈರುಳ್ಳಿ ಹಾಕಿ ಕುಡಿಯೋದು ನಮಗೆ ಅಂಬಲಿ. ತಮಿಳು ಮನೆಗಳಲ್ಲಿ ಹೀಗೇ ಹುಳಿ ಬರಿಸಿ ಮಾಡುವುದನ್ನು ಕೂಳು ಅನ್ನುತ್ತಾರೆ. ಹುಳಿ ಬಂದಾಗ, ಇಲ್ಲವೇ ರಾಗಿಯನ್ನು ಮೊಳಕೆ ಕಟ್ಟಿಸಿದಾಗ, ಅದರಲ್ಲಿರುವ ಕಬ್ಬಿಣದ ಅಂಶವನ್ನು ದೇಹ ಹೆಚ್ಚು ಚೆನ್ನಾಗಿ ಹೀರಿಕೊಳ್ಳುತ್ತದೆ. ತಮಿಳು ಮನೆಗಳಲ್ಲಿ ನುಗ್ಗೆಸೊಪ್ಪಿಗೂ ಒಳ್ಳೆ ಮರ್ಯಾದೆ. ನಮ್ಮಲ್ಲಿ ಎಷ್ಟೋ ಮನೆಯವರು ನುಗ್ಗೆಕಾಯಿ ಕಿತ್ತು ಸೊಪ್ಪನ್ನು ಮೇಕೆಗೆ ಹಾಕುತ್ತಾರೆ. 100 ಗ್ರಾಂ ನುಗ್ಗೆಸೊಪ್ಪಿನಲ್ಲಿ ಸುಮಾರು 300 ಮಿಲಿಗ್ರಾಂ ಕ್ಯಾಲ್ಸಿಯಂ, 4 ಮಿಲಿಗ್ರಾಂಗಿಂತ ಹೆಚ್ಚು ಕಬ್ಬಿಣದ ಅಂಶ ಇದೆ. ಮೇಕೆ ಗಟ್ಟಿಯಾಯಿತು, ಮನೆಯಾಕೆ ಸೊರಗಿದಳು ಅಂತ ಆಗಬಾರದಲ್ಲವೇ?

ಸೋಲಿಗರ ಸೊಪ್ಪು, ಗೆಡ್ಡೆ: ಯಾವ ಮಳೆಗೆ ಯಾವ ಸೊಪ್ಪು ಏಳುತ್ತದೆ, ಯಾವ ಗೆಡ್ಡೆಯನ್ನು ಯಾವ ತಿಂಗಳಲ್ಲಿ ಅಗೆಯಬೇಕು, ಎಷ್ಟು ಬಿಟ್ಟು ಬರಬೇಕು ಅನ್ನುವುದು ಪೋಡಿನ ಹಿರಿಯ ಹೆಂಗಸರಿಗೆ ಗೊತ್ತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯ ಕೆಳಗೆ ಜೇನು, ನೆಲ್ಲಿಕಾಯಿಯಂಥ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವ ಸಮುದಾಯ ಹಕ್ಕು ಸಿಕ್ಕಿತು. ಅವರು ತರುವ ಬೆಟ್ಟದ ನೆಲ್ಲಿಕಾಯಿ ವಿಟಮಿನ್ 'ಸಿ'ಯ ಭಂಡಾರ. ಊಟದ ಜೊತೆ ಒಂದು ಚೂರು ನೆಲ್ಲಿ ಇದ್ದರೆ ಸೊಪ್ಪಿನ ಕಬ್ಬಿಣದ ಅಂಶ ರಕ್ತಕ್ಕೆ ಸೇರುವುದು ಸುಲಭ. ಇಲ್ಲಿ ಎರಡು ಎಚ್ಚರಿಕೆ. ಕಾಡಿನ ಗೆಡ್ಡೆ, ಅಣಬೆಗಳಲ್ಲಿ ವಿಷದವೂ ಇವೆ, ಗೊತ್ತಿದ್ದವರು ಜೊತೆಗಿಲ್ಲದೆ ಕಿತ್ತು ಬೇಯಿಸಬೇಡಿ. ಇನ್ನೊಂದು, ಜೇನು ಎಷ್ಟೇ ಒಳ್ಳೆಯದಾದರೂ ಒಂದು ವರ್ಷ ತುಂಬದ ಮಗುವಿನ ನಾಲಿಗೆಗೆ ನೆಕ್ಕಿಸಬಾರದು.

ಟಿಬೆಟಿನವರ ತ್ಸಂಪಾ: ಬಾರ್ಲಿಯನ್ನು ಹುರಿದು ಬೀಸಿದ ಹಿಟ್ಟಿಗೆ ಬೆಣ್ಣೆ ಹಾಕಿದ ಚಹಾ ಬೆರೆಸಿ ಉಂಡೆ ಮಾಡಿ ತಿನ್ನುತ್ತಾರೆ. ಇದನ್ನು ಕೇಳಿದರೆ ನಮಗೆ ರಾಗಿ ಹುರಿಹಿಟ್ಟು ನೆನಪಾಗಬೇಕು. ಅಷ್ಟು ದೂರದ ಹಿಮಬೆಟ್ಟದ ತಾಯಂದಿರೂ ನಮ್ಮ ಅಜ್ಜಿಯರೂ ಒಂದೇ ಉಪಾಯ ಕಂಡುಕೊಂಡಿದ್ದಾರೆ. ಅವರ ತುಕ್ಪಾ ಎಂಬ ಅಡುಗೆಯಲ್ಲಿ ತರಕಾರಿ, ಶಾವಿಗೆಯಂಥ ಎಳೆ, ಬೇಕಾದವರಿಗೆ ಮಾಂಸ ಎಲ್ಲ ಒಂದೇ ಪಾತ್ರೆಯಲ್ಲಿ ಬೇಯುತ್ತದೆ. ಎಣ್ಣೆ, ಸೌದೆ ಎರಡೂ ಉಳಿಯುತ್ತವೆ. ಆದರೆ ಅಂಗಡಿಯ ಪ್ಯಾಕೆಟ್ ನೂಡಲ್ಸ್ ತುಕ್ಪಾ ಅಲ್ಲ. ಅದರಲ್ಲಿ ಹೆಚ್ಚಾಗಿ ಇರುವುದು ಮೈದಾ, ಎಣ್ಣೆ, ಉಪ್ಪು.

ಮುಸ್ಲಿಂ ಮನೆಯ ಹಲೀಮ್, ಖರ್ಜೂರ: ಗೋಧಿ, ಬೇಳೆ, ಮಾಂಸ ಒಟ್ಟಿಗೆ ಗಂಟೆಗಟ್ಟಲೆ ಬೇಯಿಸಿ ಮಾಡುವ ಹಲೀಮ್ ಒಂದೇ ಬಟ್ಟಲಲ್ಲಿ ಧಾನ್ಯವನ್ನೂ ಪ್ರೋಟೀನನ್ನೂ ಕೊಡುತ್ತದೆ. ರಂಜಾನಿನಲ್ಲಿ ದಿನವಿಡೀ ಉಪವಾಸವಿದ್ದವರು ಖರ್ಜೂರ, ನೀರಿನಿಂದ ಉಪವಾಸ ಬಿಡುತ್ತಾರೆ. ಖಾಲಿ ಹೊಟ್ಟೆಗೆ ಮೊದಲೇ ಕರಿದದ್ದು ಬೀಳದಿರುವುದು ಒಳ್ಳೆಯ ಪದ್ಧತಿ.

ಉತ್ತರ ಕರ್ನಾಟಕದ ರೊಟ್ಟಿ, ಚಟ್ನಿಪುಡಿ: ಜೋಳದ ರೊಟ್ಟಿಯ ಜೊತೆ ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಈರುಳ್ಳಿ ಇಟ್ಟುಕೊಂಡು ತಿನ್ನುವುದು ಅಲ್ಲಿನ ರೂಢಿ. ಶೇಂಗಾ, ಅಗಸೆ, ಗುರೆಳ್ಳು ಚಟ್ನಿಪುಡಿ ಡಬ್ಬಿಯಲ್ಲಿ ಇದ್ದೇ ಇರುತ್ತದೆ. ಗುರೆಳ್ಳು ಅಂದರೆ ಬೇರೇನಲ್ಲ, ನಮ್ಮ ಹುಚ್ಚೆಳ್ಳೇ. ನಮ್ಮ ಅಜ್ಜಿಯರು ಹೊಲದ ಅಂಚಿನಲ್ಲಿ ಬೆಳೆದು ಚಟ್ನಿ ಅರೆಯುತ್ತಿದ್ದದ್ದನ್ನು ನಾವು ಎಷ್ಟೋ ಮಂದಿ ಮರೆತೇ ಬಿಟ್ಟಿದ್ದೇವೆ.

ಎಲ್ಲರ ಅಡುಗೆಯಲ್ಲೂ ಒಂದೇ ಲೆಕ್ಕ

ಇಷ್ಟು ಬಗೆ ನೋಡಿದ ಮೇಲೆ ಒಂದು ವಿಷಯ ಗೊತ್ತಾಗುತ್ತದೆ. ಹೆಸರು ಬೇರೆ, ರುಚಿ ಬೇರೆ, ಆದರೆ ಲೆಕ್ಕ ಒಂದೇ. ಕೈಯ ಐದು ಬೆರಳಿನಲ್ಲಿ ಇದನ್ನು ನೆನಪಿಟ್ಟುಕೊಳ್ಳಬಹುದು.

ಹೆಬ್ಬೆರಳು: ಧಾನ್ಯ. ರಾಗಿ, ಜೋಳ, ಅಕ್ಕಿ, ಗೋಧಿ, ಸಜ್ಜೆ, ನವಣೆ. ಒಂದೇ ಧಾನ್ಯಕ್ಕೆ ಅಂಟಿಕೊಳ್ಳದೆ ಬದಲಿಸಿ ಉಣ್ಣುವುದು ಒಳ್ಳೆಯದು.
ತೋರುಬೆರಳು: ಬೇಳೆ, ಕಾಳು. ಹುರುಳಿ, ಅವರೆ, ಅಲಸಂದೆ, ತೊಗರಿ, ಹೆಸರು, ಕಡಲೆಕಾಯಿ.
ನಡುಬೆರಳು: ಸೊಪ್ಪು, ತರಕಾರಿ. ಎಲ್ಲಕ್ಕಿಂತ ಉದ್ದದ ಬೆರಳು, ತಟ್ಟೆಯಲ್ಲೂ ಇದರ ಪಾಲೇ ಹೆಚ್ಚಿರಬೇಕು.
ಉಂಗುರ ಬೆರಳು: ಹಣ್ಣು, ಹುಳಿ. ಸೀಬೆ, ಪರಂಗಿ, ನೆಲ್ಲಿ, ನಿಂಬೆ.
ಕಿರುಬೆರಳು: ಹಾಲು, ಮಜ್ಜಿಗೆ, ಮೊಟ್ಟೆ, ಮೀನು, ಮಾಂಸ. ಸ್ವಲ್ಪವೇ ಆದರೂ ಅಗತ್ಯ. ಅವರವರ ಪದ್ಧತಿಯಂತೆ ಆರಿಸಿಕೊಳ್ಳಬಹುದು.

ಈಗ ನಿಮ್ಮ ಮನೆಯ ನಿನ್ನೆಯ ಊಟವನ್ನು ಬೆರಳಲ್ಲಿ ಎಣಿಸಿ. ಬರೀ ಅನ್ನ, ತಿಳಿ ರಸ, ಹಪ್ಪಳ ಆಗಿದ್ದರೆ ಒಂದು ಬೆರಳು ಮಾತ್ರ ಮಡಿಸಿದ ಹಾಗೆ. ಮುದ್ದೆ, ಹುರುಳಿಕಾಳು ಹಾಕಿದ ಸೊಪ್ಪಿನ ಸಾರು, ಮಜ್ಜಿಗೆ, ಮೇಲೆ ಒಂದು ಹೋಳು ಸೀಬೆ ಆಗಿದ್ದರೆ ಐದೂ ಬೆರಳು ತುಂಬಿತು. ಇನ್ನು ಯಾರಾದರೂ ಕೇಳಿದರೆ ಇದನ್ನು "ಬರೀ ಮುದ್ದೆ" ಅಂತ ಹೇಳಬೇಡಿ.

ಬಡವರ ಊಟ, ದೊಡ್ಡವರ ಊಟ

ಊಟಕ್ಕೂ ನಾವು ಮೇಲು ಕೀಳು ಅಂಟಿಸಿದ್ದೇವೆ. ಬಿಳಿ ಅನ್ನ ದೊಡ್ಡವರದು, ಕಪ್ಪು ಮುದ್ದೆ ಬಡವರದು. ಇದು ಇಂದಿನ ಮಾತಲ್ಲ. ಹದಿನಾರನೇ ಶತಮಾನದಲ್ಲೇ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಭತ್ತಕ್ಕೂ ರಾಗಿಗೂ ಯಾರು ಮೇಲು ಅಂತ ಜಗಳ ಹಚ್ಚಿ, ಶ್ರೀರಾಮನ ಮುಂದೆ ರಾಗಿಯನ್ನೇ ಗೆಲ್ಲಿಸಿದರು. ಧಾನ್ಯದ ಜಗಳದಲ್ಲಿ ಅವರು ಹೇಳಿದ್ದು ಮನುಷ್ಯರ ಮೇಲು ಕೀಳಿನ ಮಾತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಎಂದು ಆಚರಿಸಿದ ಮೇಲೆ ಪೇಟೆಯ ದೊಡ್ಡ ಅಂಗಡಿಗಳಲ್ಲಿ ನವಣೆ, ಸಾಮೆ ಹೆಚ್ಚಿನ ಬೆಲೆಗೆ ಮಾರಾಟವಾಗತೊಡಗಿದವು. ಬೆಳೆದು ತಿಂದು ಉಳಿಸಿಕೊಂಡು ಬಂದವರ ಮಕ್ಕಳು ಮಾತ್ರ ಪ್ಯಾಕೆಟ್ ತಿಂಡಿಗೆ ಕೈ ಚಾಚುತ್ತಿದ್ದಾರೆ.

ಆ ಪ್ಯಾಕೆಟ್ಟಿನ ಲೆಕ್ಕವನ್ನೂ ನಮ್ಮ ಪಾಸ್‌ಬುಕ್ಕಿನ ಹಾಗೆ ಹಾಕಿ ನೋಡಿ. ದಿನಕ್ಕೆ ಐದು ರೂಪಾಯಿಯ ಎರಡು ಪ್ಯಾಕೆಟ್ ಅಂದರೆ ತಿಂಗಳಿಗೆ 300 ರೂಪಾಯಿ, ವರ್ಷಕ್ಕೆ 3,650 ರೂಪಾಯಿ. ಅದರಲ್ಲಿ ಸಿಗೋದು ಉಪ್ಪು, ಎಣ್ಣೆ, ಬಣ್ಣ. ಅದೇ ಹಣಕ್ಕೆ ಮೊಟ್ಟೆ, ಕಡಲೆಕಾಯಿ, ಬೆಲ್ಲ, ಬಾಳೆಹಣ್ಣು ಎಷ್ಟು ಬರುತ್ತದೆ ಎಂದು ನಿಮ್ಮ ಸಂತೆಯ ಬೆಲೆ ಹಿಡಿದು ನೀವೇ ಗುಣಿಸಿ. ಸಂಕ್ರಾಂತಿಗೆ ಹಂಚುವ ಎಳ್ಳು, ಬೆಲ್ಲ, ಕಡಲೆಕಾಯಿ, ಕೊಬ್ಬರಿ, ಹುರಿಗಡಲೆ ಮಕ್ಕಳ ಡಬ್ಬಿಗೆ ವರ್ಷಪೂರ್ತಿ ಹೊಂದುವ ತಿಂಡಿ.

ಹಾಗಂತ ರಾಗಿಯೂ ಮಂತ್ರದಂಡ ಅಲ್ಲ. "ಸಕ್ಕರೆ ಕಾಯಿಲೆಗೆ ಮುದ್ದೆ ಎಷ್ಟು ತಿಂದರೂ ಆಗುತ್ತೆ" ಅನ್ನುವುದು ತಪ್ಪು. ಮುದ್ದೆಯಲ್ಲೂ ಹಿಟ್ಟಿನ ಅಂಶ ಇದೆ. ಮುದ್ದೆ ಚಿಕ್ಕದಾಗಲಿ, ಸೊಪ್ಪು ಕಾಳು ಹೆಚ್ಚಾಗಲಿ. ಮಾತ್ರೆ ಬಿಡಬೇಡಿ.

ಒಂದು ಮನೆಯ ಪಥ್ಯ, ಇನ್ನೊಂದು ಮನೆಯ ಮದ್ದು

ಬಾಣಂತಿ, ಬಸುರಿಯರ ವಿಷಯದಲ್ಲಿ ಈ ವಿನಿಮಯ ತುಂಬಾ ಮುಖ್ಯ. ಒಂದು ಮನೆಯಲ್ಲಿ ಬಾಣಂತಿಗೆ ಸೊಪ್ಪು ಬೇಡ, ಮಗುವಿಗೆ ಭೇದಿ ಆಗುತ್ತೆ ಅನ್ನುತ್ತಾರೆ. ಪಕ್ಕದ ಮನೆಯಲ್ಲಿ ಹಾಲು ಹೆಚ್ಚಲಿ ಅಂತ ಅದೇ ಬಾಣಂತಿಗೆ ಸಬ್ಬಸಿಗೆ ಸೊಪ್ಪು ಹುಡುಕಿ ತರುತ್ತಾರೆ. ಒಂದು ಬೀದಿಯಲ್ಲಿ ಮೊಟ್ಟೆ ಉಷ್ಣ, ಇನ್ನೊಂದು ಬೀದಿಯಲ್ಲಿ ಹೆತ್ತವಳಿಗೇ ಮೊದಲ ಮೊಟ್ಟೆ. ಎರಡೂ ಬೀದಿಯ ಹೆಂಗಸರ ದೇಹ ಒಂದೇ ತಾನೇ? ನಮ್ಮಲ್ಲಿ ನಿಷೇಧ ಇರುವುದನ್ನು ತಿಂದು ಪಕ್ಕದ ಮನೆಯ ತಾಯಿ ಮಗು ಚೆನ್ನಾಗಿದ್ದರೆ, ಆ ನಿಷೇಧ ದೇಹದ್ದಲ್ಲ, ರೂಢಿಯದ್ದು ಅಂತ ತಿಳಿಯಬಹುದು. ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತೆ ಎಂದು ಬಸುರಿಗೆ ಊಟ ಕಡಿಮೆ ಮಾಡುವುದಂತೂ ಬೇಡವೇ ಬೇಡ.

ಇನ್ನೊಂದು ಮಾತಿನಲ್ಲಿ ಮಾತ್ರ ಎಲ್ಲ ಜಾತಿ, ಎಲ್ಲ ಧರ್ಮದ ಮನೆಗಳೂ ಒಂದೇ. ಎಲ್ಲರೂ ಉಂಡ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದು ಹೆಂಗಸಿಗೆ. ಕಾಳು ಮೇಲೆ ಹೋಗಿ ತಿಳಿ ಉಳಿದಿರುತ್ತದೆ. ಯಾವ ಅಡುಗೆ ಕಲಿತರೂ ಈ ಪದ್ಧತಿ ಬದಲಾಗದಿದ್ದರೆ ಆ ಒಂಬತ್ತು ಹತ್ತು ಮಂದಿಯ ರಕ್ತ ಏರುವುದಿಲ್ಲ. ವಾರಕ್ಕೆ ಎರಡು ದಿನವಾದರೂ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದರಿಂದ ಶುರು ಮಾಡಿ.

ಊಟದ ಜೊತೆಗೇ ಕಾಫಿ, ಟೀ ಕುಡಿಯಬೇಡಿ, ಒಂದು ಗಂಟೆ ಬಿಡಿ. ಅದು ಕಬ್ಬಿಣದ ಅಂಶವನ್ನು ತಡೆಯುತ್ತದೆ. ಬಸುರಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ, ಬಸುರಿಗೆ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣದ ಮಾತ್ರೆಯನ್ನು ಅಟ್ಟದ ಮೇಲೆ ಇಡಬೇಡಿ, ಊಟ ಎಷ್ಟು ಚೆನ್ನಾಗಿದ್ದರೂ ಬಸುರಿಗೆ ಅದು ಬೇಕು. ಇನ್ನು, ಎಲ್ಲ ರಕ್ತಹೀನತೆಯೂ ಊಟದಿಂದ ಬಂದದ್ದಲ್ಲ. ಆದಿವಾಸಿ ಸಮುದಾಯಗಳಲ್ಲಿ ಕುಡಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್, ವಂಶದಿಂದ ಬರುವುದುಂಟು. ಅದಕ್ಕೆ ಬೇರೆ ರಕ್ತ ಪರೀಕ್ಷೆ, ವೈದ್ಯರ ಸಲಹೆ ಬೇಕು.

ಕಲಿಯುವುದು ಬೇರೆ, ಉಣ್ಣುವುದು ಬೇರೆಯೇ?

ಈಗ ಕಷ್ಟದ ಮಾತಿಗೆ ಬರೋಣ. ಅಡುಗೆ ಹೇಗೆ ಮಾಡೋದು ಅಂತ ಕೇಳಲು ಯಾರಿಗೂ ಸಂಕೋಚವಿಲ್ಲ. ಅವರು ಮಾಡಿದ್ದನ್ನು ಅವರ ಕೈಯಿಂದ ಇಸಿದುಕೊಂಡು ತಿನ್ನುವಾಗ ಸಂಕೋಚ ಬರುತ್ತದೆ. ಕೆಲವು ಸಂಘಗಳಲ್ಲಿ ಒಂದೇ ಚಾಪೆಯ ಮೇಲೆ ಕೂರುತ್ತಾರೆ, ಒಂದೇ ಖಾತೆಗೆ ಹಣ ಕಟ್ಟುತ್ತಾರೆ, ಒಬ್ಬರ ಸಾಲಕ್ಕೆ ಇನ್ನೊಬ್ಬರು ಹೊಣೆ ನಿಲ್ಲುತ್ತಾರೆ. ಟೀ ಬಂದಾಗ ಮಾತ್ರ ಒಬ್ಬಿಬ್ಬರು "ಈಗ ತಾನೇ ಕುಡಿದು ಬಂದೆ" ಅನ್ನುತ್ತಾರೆ. ಯಾಕೆ ಅಂತ ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ದಲಿತ ಮಹಿಳೆ ಅಡುಗೆ ಮಾಡಿದಳು ಎಂದು ಮಕ್ಕಳನ್ನು ಶಾಲೆಯ ಬಿಸಿಯೂಟಕ್ಕೆ ಕೂರಿಸದ ಸುದ್ದಿಗಳು ನಮ್ಮ ರಾಜ್ಯದಿಂದಲೇ ಪತ್ರಿಕೆಗಳಲ್ಲಿ ಬಂದಿವೆ. ಅಲ್ಲಿ ನಷ್ಟ ಯಾರದು? ಅಡುಗೆಯವಳ ಮಾನ, ಮಕ್ಕಳ ಹೊಟ್ಟೆ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ರದ್ದು ಮಾಡಿದೆ. ಅದು ನಮ್ಮ ಚಾಪೆಯ ಮೇಲೂ ಜಾರಿಯಾಗಬೇಕು.

ಇಲ್ಲಿ ಒಂದು ವ್ಯತ್ಯಾಸ ಸ್ಪಷ್ಟವಾಗಿರಲಿ. "ನಾನು ಮಾಂಸ ತಿನ್ನೋದಿಲ್ಲ" ಅನ್ನುವುದು ಒಬ್ಬರ ಪದ್ಧತಿ, ಅದನ್ನು ಗೌರವಿಸೋಣ. "ಹಲಾಲ್ ಆಗದ್ದು ನಮಗೆ ಬೇಡ" ಅನ್ನುವುದೂ ಹಾಗೆಯೇ. ಆದರೆ "ನೀನು ಮಾಡಿದ ಸೊಪ್ಪಿನ ಸಾರು ನಾನು ಮುಟ್ಟೋದಿಲ್ಲ" ಅನ್ನುವುದು ಪದ್ಧತಿಯಲ್ಲ, ಅವಮಾನ. ಹಾಗೆಯೇ ಬೋಟಿ, ಈಲಿ, ತಲೆಮಾಂಸ ತಿನ್ನುವವರನ್ನು ಮೂಗು ಮುರಿದು ನೋಡುವುದೂ ಬೇಡ. ಈಲಿಯಲ್ಲಿರುವ ಕಬ್ಬಿಣದ ಅಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುತ್ತದೆ.

ಸಂಘದಲ್ಲಿ ಏನು ಮಾಡಬಹುದು?

1. ತಿಂಗಳ ಕೊನೆಯ ಸಭೆಯನ್ನು "ಅಡುಗೆ ಸಭೆ" ಎಂದು ಠರಾವು ಮಾಡಿ. ಪ್ರತಿ ಸಲ ಒಬ್ಬ ಸದಸ್ಯೆ ತಮ್ಮ ಮನೆತನದ ಒಂದು ಅಡುಗೆಯನ್ನು ಎಲ್ಲರಿಗೂ ಒಂದೊಂದು ಸೌಟು ಬರುವಷ್ಟು ಮಾಡಿ ತರಲಿ. ಎಲ್ಲರೂ ತಿನ್ನಬಹುದಾದ ಸೊಪ್ಪು, ಕಾಳು, ಧಾನ್ಯದ ಅಡುಗೆಯಿಂದ ಶುರು ಮಾಡಿ.

2. ತಂದವರೇ ಬಡಿಸಲಿ. ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣಲಿ. ಪ್ರತಿನಿಧಿಗಳು ಮೊದಲು ತಿನ್ನಲಿ.

3. ಸಾಮಾನಿನ ಖರ್ಚನ್ನು ಒಬ್ಬರ ಮೇಲೆ ಹೊರಿಸಬೇಡಿ, ಎಲ್ಲರೂ ಹಂಚಿಕೊಳ್ಳಿ. ರಾಗಿ, ಕಾಳನ್ನು ಒಬ್ಬೊಬ್ಬರು ಒಂದು ಹಿಡಿ ತಂದರೂ ಆಯಿತು.

4. ಒಂದು ನೋಟ್‌ಬುಕ್ ಇಡಿ. ಅಡುಗೆಯ ಹೆಸರನ್ನು ಅವರ ಮಾತಿನಲ್ಲೇ ಬರೆಯಿರಿ, ಮಾಡುವ ವಿಧಾನ, ಖರ್ಚು, ಯಾವ ಯಾವ ಬೆರಳು ತುಂಬಿತು ಅಂತಲೂ ಬರೆಯಿರಿ. ಓದು ಬಾರದ ಅಜ್ಜಿಯರು ಹೇಳಲಿ, ಹೈಸ್ಕೂಲಿನ ಹೆಣ್ಣುಮಕ್ಕಳು ಬರೆದುಕೊಳ್ಳಲಿ.

5. ಬಚ್ಚಲ ನೀರು ಹರಿಯುವ ಕಡೆ ಒಂದು ನುಗ್ಗೆ, ಒಂದು ಪರಂಗಿ, ಒಂದು ನಿಂಬೆ ನೆಡಿ. ಜಾಗವಿಲ್ಲದವರು ಹಳೇ ಬಕೆಟ್ಟಿನಲ್ಲಿ ದಂಟು, ಮೆಂತ್ಯ ಹಾಕಿ. ಬೀಜವನ್ನು ಸಂಘದಲ್ಲಿ ಹಂಚಿಕೊಳ್ಳಿ.

6. ಅಂಗನವಾಡಿಯನ್ನು ಬಳಸಿಕೊಳ್ಳಿ. 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಕೊಡಲು ತಂದದ್ದು. ಅಲ್ಲಿಗೆ ಹೋಗಲು ಸಂಕೋಚಪಡುವ ಸೊಸೆಯರನ್ನು ಸಂಘದವರೇ ಜೊತೆಗೆ ಕರೆದುಕೊಂಡು ಹೋಗಿ.

7. ಶುರುವಿಗೆ ಮೊದಲು ಒಮ್ಮೆ, ಆರು ತಿಂಗಳ ಮೇಲೆ ಒಮ್ಮೆ ಸದಸ್ಯರೆಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಉಳಿತಾಯ ಏರಿದ ಹಾಗೆ ರಕ್ತವೂ ಏರಿತೇ ಎಂದು ನೋಡಿ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಹಿರಿಯರು ಹೇಳಿದ್ದಾರೆ. ಒಂದೇ ಸಾಲಿನಲ್ಲಿ ಕುಳಿತು ಉಂಡರೆ ಎರಡನ್ನೂ ಒಟ್ಟಿಗೆ ಕಲಿಯಬಹುದು.

ಸಂಘದಲ್ಲಿ ಚರ್ಚಿಸಿ

- ನಮ್ಮ ಅಜ್ಜಿ ಮಾಡುತ್ತಿದ್ದ, ನಾವು ಬಿಟ್ಟುಬಿಟ್ಟ ಅಡುಗೆ ಯಾವುದು? ಯಾಕೆ ಬಿಟ್ಟೆವು?
- ನಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಅವರ ತಟ್ಟೆಯಲ್ಲಿ ಏನು ಉಳಿದಿರುತ್ತದೆ?
- ನಮ್ಮ ಸಂಘದಲ್ಲಿ ಯಾರ ಮನೆಯ ಊಟವನ್ನು ನಾವು ಇದುವರೆಗೆ ಉಂಡಿಲ್ಲ? ಮುಂದಿನ ತಿಂಗಳ ಅಡುಗೆ ಅವರದೇ ಆಗಲಿ ಎಂದು ಕೇಳೋಣವೇ?